ತಪ್ಪೆಂದು ಗುರುತು ಹಾಕಿದ ಹೆಸರು

ಇಂಥ ಸಂಗತಿಗಳನ್ನು ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಮ್ಮ ಮನೆಯಲ್ಲಿ ಯಾರಿಗಾದರೂ ಕೆಟ್ಟ ಕನಸು ಬಿದ್ದರೆ ನನ್ನೆದುರು ಅದರ ಸುದ್ದಿ ಎತ್ತುತ್ತಿರಲಿಲ್ಲ. ರಾತ್ರಿ ಏನು ತಿಂದಿರಿ ಎಂದು ನಾನು ಕೇಳುತ್ತೇನೆಂದು ಅವರಿಗೆ ಗೊತ್ತಿತ್ತು. ಅಂಥ ನಾನು ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಬೇಕೆಂದು ಒತ್ತಾಯವಿಲ್ಲ, ನನಗೇ ಇದನ್ನು ನಂಬುವುದೋ ಬಿಡುವುದೋ ಗೊತ್ತಾಗಿಲ್ಲ. ಆದರೆ ಇದರಲ್ಲಿ ಒಬ್ಬ ಮನುಷ್ಯನ ಜೀವ ಹೋಗಿದೆ. ಅದರಲ್ಲಿ ನನ್ನ ಪಾಲು ಎಷ್ಟು ಎಂದು ಮೂರು ವರ್ಷಗಳಿಂದ ಲೆಕ್ಕ ಹಾಕುತ್ತಲೇ ಇದ್ದೇನೆ. ಯಾರೂ ನನ್ನನ್ನು ದೂರಿಲ್ಲ, ವಿಷಯ ಪೂರ್ತಿಯಾಗಿ ಯಾರಿಗೂ ಗೊತ್ತಿಲ್ಲ.

ನಾನು ಸ್ಪೀಚ್ ಥೆರಪಿಸ್ಟ್. ಕಾಸರಗೋಡು ಪೇಟೆಯ ಒಂದು ಪುನರ್ವಸತಿ ಕೇಂದ್ರದಲ್ಲಿ ಕೆಲಸ. ಪಾರ್ಶ್ವವಾಯು ಹೊಡೆದು ಮಾತು ಹೋದವರು ನನ್ನ ಬಳಿ ಬರುತ್ತಾರೆ. ನಾಲಗೆ ಬಿದ್ದುಹೋಗಿದೆ ಎಂದು ಮನೆಯವರು ಅಂದುಕೊಂಡಿರುತ್ತಾರೆ. ಹಾಗಲ್ಲ. ನಾಲಗೆ ಇರುತ್ತದೆ, ಬುದ್ಧಿಯೂ ಇರುತ್ತದೆ. ಕೊಡೆ ಕಂಡರೆ ಅದು ಮಳೆಗೆ ಹಿಡಿಯುವುದು ಎಂದು ಗೊತ್ತು, ಬಿಡಿಸಿ ತೋರಿಸಲೂ ಗೊತ್ತು. 'ಕೊಡೆ' ಎಂಬ ಶಬ್ದ ಮಾತ್ರ ಎಷ್ಟು ಹುಡುಕಿದರೂ ಸಿಕ್ಕುವುದಿಲ್ಲ. ಆ ಹುಡುಕಾಟದಲ್ಲಿ ಜೊತೆಗಿರುವುದೇ ನನ್ನ ಕೆಲಸ. ನಮ್ಮ ಕಡೆ ಕಲಿಸುವವರೆಲ್ಲ ಟೀಚರುಗಳೇ ಆದ್ದರಿಂದ ರೋಗಿಗಳೂ ಮನೆಯವರೂ ನನ್ನನ್ನು ಕರೆಯುವುದು ಟೀಚರ್ ಎಂದೇ.

ಆ ವರ್ಷ ನಮ್ಮ ನರರೋಗ ವೈದ್ಯರು ಹೊಸ ಯಂತ್ರ ತರಿಸಿದ್ದರು. ಟಿಫಿನ್ ಡಬ್ಬಿಯಷ್ಟು ದೊಡ್ಡದು. ಅದರಿಂದ ಎರಡು ವಯರುಗಳು, ವಯರುಗಳ ತುದಿಗೆ ಅಂಗೈ ಅಗಲದ ಎರಡು ಸ್ಪಂಜಿನ ತುಂಡುಗಳು. ಸ್ಪಂಜನ್ನು ಉಪ್ಪುನೀರಿನಲ್ಲಿ ಅದ್ದಿ, ಮಿದುಳಿನಲ್ಲಿ ಮಾತಿನ ಜಾಗ ಇರುವ ಕಡೆ ತಲೆಗೆ ಇಟ್ಟು, ರಬ್ಬರಿನ ಪಟ್ಟಿಯಲ್ಲಿ ಬಿಗಿಯುವುದು. ಇಪ್ಪತ್ತು ನಿಮಿಷ ತೀರಾ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತದೆ. ಇರುವೆ ಹರಿದಂತೆ ಚುರುಚುರು ಎನ್ನುತ್ತದೆ, ಅಷ್ಟೇ. ಅದೊಂದರಿಂದಲೇ ಮಾತು ಬರುವುದಿಲ್ಲ. ಆ ಇಪ್ಪತ್ತು ನಿಮಿಷ ಜೊತೆಯಲ್ಲೇ ಮಾತಿನ ಅಭ್ಯಾಸವೂ ನಡೆಯಬೇಕು. ಯಂತ್ರ ಮಿದುಳನ್ನು ಸ್ವಲ್ಪ ಎಚ್ಚರಿಸುತ್ತದೆ, ಎಚ್ಚರಾದದ್ದಕ್ಕೆ ಕೆಲಸ ಕೊಡುವುದು ನೀವು ಎಂದು ವೈದ್ಯರು ನನಗೆ ಹೇಳಿದ್ದರು. ರೋಗಿಗಳ ಮನೆಯವರು ಇದನ್ನು 'ಕರೆಂಟ್ ಕೊಡುವುದು' ಎಂದು ಕರೆದು, ಮೊದಲ ದಿನ ಸ್ವಲ್ಪ ಹೆದರಿ, ಎರಡನೆಯ ದಿನದಿಂದ ಹೊರಗಿನ ಬೆಂಚಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದರು.

ಅಭ್ಯಾಸದ ಕ್ರಮ ಸರಳ. ಒಂದೊಂದೇ ಚಿತ್ರದ ಕಾರ್ಡು ತೋರಿಸುವುದು, ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಸುಮ್ಮನಿರುವುದು. ಹೆಸರು ಬಾರದಿದ್ದರೆ ಮೊದಲ ಅಕ್ಷರ ಹೇಳಿಕೊಡುವುದು. ಕೊಡೆಗೆ 'ಕೊ', ದೋಣಿಗೆ 'ದೋ'. ಎಷ್ಟೋ ಸಲ ಅಷ್ಟರಲ್ಲೇ ಉಳಿದದ್ದು ತಾನಾಗಿ ಬಂದುಬಿಡುತ್ತದೆ. ಇಪ್ಪತ್ತು ವರ್ಷ ಇದನ್ನೇ ಮಾಡಿ ನನಗೆ ಎಂಥ ಚಾಳಿ ಹತ್ತಿದೆ ಎಂದರೆ, ಬಸ್ಸಿನಲ್ಲಿ ಪಕ್ಕದವರು ಯಾವುದೋ ಹೆಸರು ಮರೆತು ತಡವರಿಸಿದರೂ ನನ್ನ ಬಾಯಿ ಮೊದಲ ಅಕ್ಷರ ಹೇಳಿಬಿಟ್ಟಿರುತ್ತದೆ. ಹೇಳಿದ್ದು ನನಗೇ ಗೊತ್ತಾಗುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಪ್ರತಿ ಅಭ್ಯಾಸವನ್ನೂ ರೆಕಾರ್ಡ್ ಮಾಡಿ, ವಾರಕ್ಕೊಮ್ಮೆ ಕೂತು ಪೂರ್ತಿ ಕೇಳಿ, ಅಂಕಗಳನ್ನು ತಾಳೆ ನೋಡಬೇಕೆಂಬುದು ವೈದ್ಯರ ನಿಯಮ. ರೆಕಾರ್ಡ್ ಮಾಡುತ್ತಿದ್ದೆ. ಕೇಳುವುದನ್ನು ಎರಡನೆಯ ವಾರಕ್ಕೇ ಬಿಟ್ಟಿದ್ದೆ. ಎದುರಿಗೆ ಕೂತು ಸರಿ ತಪ್ಪು ಗುರುತು ಹಾಕಿದ್ದೇನೆ, ಮತ್ತೆ ಎಂತ ಕೇಳುವುದು ಎಂಬ ಉದಾಸೀನ.

ಯಂತ್ರದ ಜೊತೆ ಬಂದ ಕಾರ್ಡುಗಳಲ್ಲಿ ಹಿಮದ ಮನುಷ್ಯ, ಹೊಗೆಗೂಡಿನ ಮನೆ, ಹೆಸರು ತಿಳಿಯದ ವಾದ್ಯಗಳು. ಮಾತು ಇದ್ದಾಗಲೂ ನಮ್ಮವರು ಅವುಗಳ ಹೆಸರು ಹೇಳುತ್ತಿರಲಿಲ್ಲ. ಹಾಗಾಗಿ ನಾನೇ ಊರೂರು ತಿರುಗಿ ಅರುವತ್ತು ಫೋಟೊ ತೆಗೆದು ಕಾರ್ಡು ಮಾಡಿಸಿದ್ದೆ. ತರಕಾರಿ ಹೆಚ್ಚುವ ಮೆಟ್ಟುಕತ್ತಿ, ಕಡೆಯುವ ಕಲ್ಲು, ದೋಣಿ, ಕೊಡೆ, ಹಸಿ ಮೀನಿನ ಬುಟ್ಟಿ. ಅವುಗಳಲ್ಲಿ ಒಂದು ಸುರಂಗ. ನಮ್ಮ ಜಿಲ್ಲೆಯ ಹೊರಗಿನವರಿಗೆ ಇದನ್ನು ವಿವರಿಸಬೇಕು. ಬಾವಿ ತೋಡಿದರೆ ನೀರು ಸಿಕ್ಕದ ಕಡೆ ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ಗುಡ್ಡಕ್ಕೆ ಅಡ್ಡಕ್ಕೆ ಕೊರೆದು, ಒಳಗಿನ ಒರತೆಯನ್ನು ಹೊರಗೆ ಹರಿಸಿಕೊಳ್ಳುತ್ತಾರೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಜಾಗ. ನನ್ನ ಸೋದರಮಾವನ ಮನೆ ಕಾರಡ್ಕದಲ್ಲಿ, ಅವರ ಹಿತ್ತಲ ಗುಡ್ಡದಲ್ಲಿ ಅಂಥದ್ದೊಂದು ಉಂಟು. ಫೋಟೊದಲ್ಲಿ ಕೆಂಪು ಗೋಡೆ, ನಡುವೆ ಕಪ್ಪು ಬಾಯಿ, ಕೆಳಗೆ ನೀರು ಬರುವ ಪೈಪು. ಮನುಷ್ಯರು ಯಾರೂ ಇಲ್ಲ.

ಆ ಫೋಟೊಗೆ ಬೇರೆಯದೇ ಹೆಸರನ್ನು ಮೊದಲು ಹೇಳಿದ್ದು ಮಂಜೇಶ್ವರದ ಹಾಜಿಯವರು. ದುಬೈಯಲ್ಲಿ ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿ ಊರಿಗೆ ಮರಳಿದವರು. ಮನೆಯಲ್ಲಿ ಬ್ಯಾರಿ ಮಾತು, ಓದಿದ್ದು ಕನ್ನಡ ಶಾಲೆಯಲ್ಲಿ. ಪಾರ್ಶ್ವವಾಯು ಆದ ಮೇಲೆ ಅವರಲ್ಲಿ ಉಳಿದಿದ್ದದ್ದು 'ಹಾಂ' ಮತ್ತು 'ಅಲ್ಲ' ಎರಡೇ. ಮಗಳು ಜುಬೈದಾ ವಾರಕ್ಕೆ ಮೂರು ದಿನ ಕರೆದುಕೊಂಡು ಬರುತ್ತಿದ್ದಳು. ಬಾಪ ತನ್ನನ್ನು ಒಮ್ಮೆ ಹೆಸರು ಹಿಡಿದು ಕರೆದರೆ ಸಾಕು, ಬೇರೆ ಏನೂ ಬೇಡ ಎಂದು ಆ ಹೆಣ್ಣುಮಗಳು ಮೊದಲ ದಿನವೇ ನನಗೆ ಹೇಳಿದ್ದಳು.

ಕರೆಂಟ್ ಕೊಡಲು ಶುರುಮಾಡಿದ ಎರಡನೆಯ ವಾರ ಹಾಜಿಯವರಿಗೆ 'ದೋಣಿ' ಬಂತು, 'ನೀರು' ಬಂತು. ಸುರಂಗದ ಕಾರ್ಡು ತೋರಿಸಿದಾಗ ಅವರು ಸ್ವಲ್ಪ ಹೊತ್ತು ನೋಡಿ, ಸ್ಪಷ್ಟವಾಗಿ, ಗಟ್ಟಿಯಾಗಿ 'ಐತಪ್ಪ' ಎಂದರು. ನಾನು ತಪ್ಪು ಗುರುತು ಹಾಕಿ ಮುಂದಿನ ಕಾರ್ಡು ಎತ್ತಿದೆ. ಅವರು ಅದನ್ನು ನೋಡಲಿಲ್ಲ. ತಲೆಯನ್ನು ಒಂದು ಬದಿಗೆ ವಾಲಿಸಿ, ಯಾರೋ ಏನೋ ಹೇಳಲಿದ್ದಾರೆ ಎಂಬಂತೆ ಕಾಯುತ್ತಿದ್ದರು. ಅರ್ಧ ನಿಮಿಷ ಹಾಗೇ ಇದ್ದು ಮತ್ತೆ ನನ್ನ ಕಡೆ ತಿರುಗಿದರು.

ನಮ್ಮ ಕಡೆ ಊರಿಗೊಬ್ಬ ಐತಪ್ಪ ಇದ್ದೇ ಇರುತ್ತಾನೆ. ಇಂಥ ರೋಗಿಗಳು ಒಂದು ಶಬ್ದಕ್ಕೆ ಇನ್ನೊಂದು ಹೇಳುವುದೂ ಮಾಮೂಲು. ಆದರೆ ಮುಂದಿನ ಸಲವೂ ಅದೇ ಕಾರ್ಡಿಗೆ ಅದೇ ಹೆಸರು, ಅದೇ ಕಾಯುವುದು. ಯಂತ್ರ ಇಲ್ಲದ ದಿನ ಅದೇ ಫೋಟೊ ತೋರಿಸಿದರೆ 'ಸು' ಎಂದು ಹೇಳಿಕೊಟ್ಟರೂ ಬಾಯಿಗೆ ಏನೂ ಬರುತ್ತಿರಲಿಲ್ಲ. ಜುಬೈದಾಳನ್ನು ಕೇಳಿದೆ. ಅವಳ ಮುಖ ಸಣ್ಣದಾಯಿತು.

"ಅಂಥವರು ಯಾರೂ ನಮಗೆ ಗೊತ್ತಿಲ್ಲ ಟೀಚರೇ. ನನ್ನ ಹೆಸರು ಬರುವುದಿಲ್ಲ, ಅದ್ಯಾರು ಐತಪ್ಪ?" ಎಂದಳು.

ಅದಾಗಿ ನಾಲ್ಕೈದು ದಿನಕ್ಕೆ ಲಲಿತಕ್ಕನ ಸರದಿ. ಅವರು ಮಧೂರಿನವರು, ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವರು, ಮನೆಮಾತು ತುಳು. ಅವರು ಬರುತ್ತಿದ್ದದ್ದು ಹಾಜಿಯವರು ಬಾರದ ದಿನಗಳಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಲಲಿತಕ್ಕನಿಗೆ ಹಾಜಿಯವರಿಗಿಂತ ಸ್ವಲ್ಪ ಹೆಚ್ಚು ಮಾತು ಉಳಿದಿತ್ತು, ಹತ್ತರಲ್ಲಿ ನಾಲ್ಕು ಚಿತ್ರಕ್ಕೆ ಹೆಸರು ಹೇಳುತ್ತಿದ್ದರು. ಸುರಂಗದ ಕಾರ್ಡು ಬಂದಾಗ ಅವರೂ 'ಐತಪ್ಪ' ಎಂದರು. ಹೇಳಿ, ತಲೆ ವಾಲಿಸಿ ಕಾದರು. ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಫ್ಯಾನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಕೇಳುತ್ತಿರಲಿಲ್ಲ. ನನಗೂ ಏನೋ ಕೇಳಿಸಬೇಕಾಗಿದೆ, ಕೇಳುತ್ತಿಲ್ಲ ಎಂಬಂಥ ಒಂದು ಹಾಳು ಭಾವನೆ ಬಂತು. ನಿಜ ಹೇಳುತ್ತೇನೆ, ಹೆದರಿದೆ.

ಹೆದರಿಕೆಗೆ ನಾನು ಕಂಡುಕೊಂಡ ಮದ್ದು ನಮ್ಮ ವೃತ್ತಿಯದ್ದೇ. ಒಂದು ಚಿತ್ರಕ್ಕೆ ಹಲವರು ತಪ್ಪು ಉತ್ತರ ಕೊಟ್ಟರೆ ದೋಷ ರೋಗಿಯದಲ್ಲ, ಚಿತ್ರದ್ದು. ಅಂಥ ಕಾರ್ಡನ್ನು ಕಟ್ಟಿನಿಂದ ತೆಗೆದುಬಿಡಬೇಕು, ಇಲ್ಲದಿದ್ದರೆ ಅಂಕ ಕೆಡುತ್ತದೆ. ಪುಸ್ತಕದಲ್ಲಿ ಹಾಗೆ ಉಂಟು, ನಾನೂ ಹಾಗೇ ಮಾಡಿದೆ. ಸುರಂಗವನ್ನು ಮೇಜಿನ ಕೆಳಗಿನ ಖಾನೆಗೆ ಹಾಕಿದೆ. ಈಗ ಐವತ್ತೊಂಬತ್ತು ಕಾರ್ಡು. ಒಂದು ವಾರ ಯಾರೂ ಐತಪ್ಪನ ಹೆಸರೆತ್ತಲಿಲ್ಲ. ನಾನು ನಿಶ್ಚಿಂತೆಯಿಂದ ಇದ್ದೆ.

ಮುಂದಿನ ಗುರುವಾರ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ಲಲಿತಕ್ಕನಿಗೆ ಕರೆಂಟ್ ಕೊಡುತ್ತಾ ಕೂತಿದ್ದೆ. ಮೆಟ್ಟುಕತ್ತಿ ಆಯಿತು, ಸರಿ ಹೇಳಿದರು. ಅದನ್ನು ಮಗುಚಿಟ್ಟು ಮುಂದಿನದನ್ನು ಎತ್ತುವಷ್ಟರಲ್ಲಿ ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಮೇಜಿನ ಖಾಲಿ ಜಾಗವನ್ನು ನೋಡುತ್ತಾ 'ಐತಪ್ಪ' ಎಂದು ಕೂಗಿದರು. ಹೆಸರು ಹೇಳುವ ದನಿಯಲ್ಲ ಅದು, ದೂರ ಇರುವವರನ್ನು ಕರೆಯುವ ದನಿ. ಕಾದರು. ಮತ್ತೊಮ್ಮೆ ಕರೆದರು. ಹಿಂದಿನ ಸಲಗಳಂತೆ ಸುಮ್ಮನಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಬಲಗೈ ಸ್ವಾಧೀನದಲ್ಲಿರಲಿಲ್ಲ, ಎಡಗೈಯಿಂದ ನನ್ನ ಸೆರಗು ಹಿಡಿದು ಜಗ್ಗಿದರು. ನಾನು ಯಂತ್ರ ನಿಲ್ಲಿಸಿದೆ.

ಅವರನ್ನು ಸಮಾಧಾನ ಮಾಡಿ, ಹೊರಗೆ ಮಗನ ಬಳಿ ಕೂರಿಸಿ, ವರಾಂಡಕ್ಕೆ ಹೋಗಿ ಮಾವನಿಗೆ ಫೋನ್ ಮಾಡಿದೆ. ಮಾಡಬೇಕೆಂದು ಏಕೆ ತೋರಿತು ಎಂದು ಸರಿಯಾಗಿ ಹೇಳಲಾರೆ. ಫೋಟೊ ಅವರ ಮನೆಯದು, ಐತಪ್ಪ ಎಂಬವರು ಯಾರಾದರೂ ಅಲ್ಲಿ ಇದ್ದಾರೋ ಎಂದು ಕೇಳಿದರೆ ತಲೆಯೊಳಗಿನ ಹುಳ ಹೋಗುತ್ತದೆ ಎಂದುಕೊಂಡಿರಬೇಕು. ಮಾವನ ದನಿ ಮೊದಲು ತುಂಡು ತುಂಡಾಗಿ ಬಂತು.

"ತಡಿ ಮಗಳೇ, ಇಲ್ಲಿ ಗುಡ್ಡದ ಹತ್ತಿರ ರೇಂಜ್ ಸರಿ ಇಲ್ಲ. ಅಂಗಳಕ್ಕೆ ಬರ್ತೇನೆ" ಎಂದರು. ಅವರು ನಡೆದು ಬರುವ ಸದ್ದು ಕೇಳಿತು. "ಈಗ ಹೇಳು."

"ಮಾವ, ಅಲ್ಲಿ ಐತಪ್ಪ ಹೇಳಿ ಯಾರಾದ್ರೂ ಇದ್ದಾರಾ?"

"ಇದ್ದಾನಲ್ಲ. ಸುರಂಗದ ಹೂಳು ತೆಗೀಲಿಕ್ಕೆ ಬಂದಿದ್ದಾನೆ. ಹೊಸಬ, ಇವತ್ತೇ ಮೊದಲು ಬಂದದ್ದು. ಈಗ ಒಳಗೇ ಇದ್ದಾನೆ. ನಿನಗೆ ಹೇಗೆ ಗೊತ್ತು ಮಾರಾಯ್ತಿ?"

ಇಲ್ಲಿ ನಾನು ಏನು ಹೇಳಬೇಕಿತ್ತು ಎಂದು ನಿಮಗೆ ಗೊತ್ತು. ಆ ಮನುಷ್ಯನನ್ನು ಈಗಲೇ ಹೊರಗೆ ಬರಹೇಳಿ ಎನ್ನಬೇಕಿತ್ತು. ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಹೇಳಿದರೆ ಮಾವ ಏಕೆ ಎಂದು ಕೇಳುತ್ತಾರೆ. ಏಕೆ ಎಂದರೆ, ಇಬ್ಬರು ರೋಗಿಗಳು ಹೆಸರು ಹೇಳಿದರು ಎನ್ನಬೇಕು. ಇಡೀ ಮನೆಯವರ ಕನಸುಗಳಿಗೆ ನಕ್ಕವಳು ನಾನು. ನನಗೆ ನಾಚಿಕೆಯಾಯಿತು. ಸುಮ್ಮನೆ ಕೇಳಿದೆ ಮಾವ, ಯಾರೋ ಹೇಳಿದರು ಎಂದುಬಿಟ್ಟೆ. ಅಷ್ಟಕ್ಕೆ ಫೋನ್ ಇಡಲೂ ಮನಸ್ಸು ಬಾರದೆ, ಅತ್ತೆಯ ಮಂಡಿನೋವು ಹೇಗಿದೆ ಎಂದು ಕೇಳಿದೆ. ಅವರು ತೈಲದ ವಿಷಯ ಹೇಳಿದರು, ಕೊಲ್ಲಿಯಲ್ಲಿರುವ ಮಗ ರಜೆಗೆ ಬರುವ ವಿಷಯ ಹೇಳಿದರು. ನಾನು ಹೂಂಗುಟ್ಟುತ್ತಾ, ಈಗ ಹೇಳಲೇ, ಈಗ ಹೇಳಲೇ ಎಂದು ಒಳಗೇ ಒದ್ದಾಡುತ್ತಿದ್ದೆ. ಮಾವ ಒಮ್ಮೆಲೇ ಮಾತು ನಿಲ್ಲಿಸಿ, "ಅದೆಂತ ಸದ್ದು" ಎಂದರು. ಆಮೇಲೆ ಓಡುವ ಸದ್ದು. ಫೋನ್ ಕಟ್ಟಾಗಲಿಲ್ಲ, ಅವರ ಕೈಯಲ್ಲೇ ಇತ್ತು. ಅವರು ಐತಪ್ಪನನ್ನು ಕರೆಯುವುದು ನನಗೆ ಕೇಳುತ್ತಿತ್ತು. ಲಲಿತಕ್ಕ ಕರೆದ ಹಾಗೆಯೇ ಕರೆಯುತ್ತಿದ್ದರು.

ಸುರಂಗದ ಒಳಭಾಗದಲ್ಲಿ ಮೇಲಿನ ಮಣ್ಣು ಕುಸಿದಿತ್ತು. ಅಗ್ನಿಶಾಮಕದವರು ಬಂದು ಐತಪ್ಪನನ್ನು ಹೊರಗೆ ತೆಗೆಯುವಾಗ ಸಂಜೆಯಾಗಿತ್ತು. ಜೀವ ಇರಲಿಲ್ಲ. ನಾವು ಮಾತಾಡಿದ್ದು ಏಳು ನಿಮಿಷ, ನನ್ನ ಫೋನಿನಲ್ಲಿ ಅದು ಬರೆದಿತ್ತು.

ಮಾರನೆಯ ದಿನ ಮಾವನ ಮನೆಗೆ ಹೋದೆ. ಅಂಗಳದಲ್ಲಿ ಐತಪ್ಪನ ಜೊತೆಗಾರ ಬಂದು ನಿಂತಿದ್ದ. ವಯಸ್ಸಾದವನು, ಸುರಂಗದ ಕೆಲಸದಲ್ಲೇ ಕೂದಲು ಹಣ್ಣಾದವನು. ಹಿಂದಿನ ದಿನ ಜ್ವರ ಎಂದು ಅವನು ಬಂದಿರಲಿಲ್ಲ. ಹೊರಗೆ ನಿಲ್ಲುವ ಕೆಲಸವನ್ನು ಮಾವ ತಾನು ನೋಡಿಕೊಳ್ಳುತ್ತೇನೆ ಎಂದಿದ್ದರಂತೆ. ಆತ ಅಳಲಿಲ್ಲ, ಬೈಯಲಿಲ್ಲ. ಮಾವನನ್ನು ಒಂದೇ ಮಾತು ಕೇಳಿದ.

"ಧಣಿ, ಕರೀತಾ ಇದ್ದದ್ದು ಯಾರು?"

ನನಗೆ ಅರ್ಥವಾಗದೆ ಕೇಳಿದಾಗ ಆತ ವಿವರಿಸಿದ. ಸುರಂಗದ ಒಳಗೆ ಒಬ್ಬ ಹೋದರೆ ಬಾಯಿಯ ಹತ್ತಿರ ಇನ್ನೊಬ್ಬ ಇರಲೇಬೇಕು. ಹೊರಗಿನವನು ಸ್ವಲ್ಪ ಸ್ವಲ್ಪ ಹೊತ್ತಿಗೆ ಒಳಗಿನವನ ಹೆಸರು ಹಿಡಿದು ಕರೆಯಬೇಕು. ಕರೆದು ಕಿವಿಗೊಡಬೇಕು. ಒಳಗಿನವನು ಪಿಕಾಸಿ ಕೆಳಗಿಟ್ಟು 'ಓ' ಎನ್ನಬೇಕು. ಕೆಲಸದ ಸದ್ದಿನಲ್ಲಿ ಅವನಿಗೆ ಮಣ್ಣು ಉದುರುವುದು ಕೇಳುವುದಿಲ್ಲ, ಹಾಗೆ ನಿಲ್ಲಿಸಿದ ಹೊತ್ತಿನಲ್ಲಿ ಮಾತ್ರ ಕೇಳುತ್ತದೆ. ಕೇಳಿದರೆ ಹೊರಗೆ ಬಂದುಬಿಡಬಹುದು.

"ನಮ್ಮ ಲೆಕ್ಕದಲ್ಲಿ ಅದು ಬರೀ ಕರೆಯುವುದಲ್ಲಕ್ಕ. ಜೀವ ಉಂಟು ಅದರಲ್ಲಿ" ಎಂದ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿತ್ತಲಿಗೆ ಹೋಗಿ ಕೂತೆ. ಹೆಸರು ಹೇಳಿ ತಲೆ ವಾಲಿಸಿ ಕಾಯುತ್ತಿದ್ದ ಆ ಎರಡು ಮುಖಗಳು ಕಣ್ಣ ಮುಂದೆ ಇದ್ದವು. ಸುರಂಗದ ಬಾಯಿಯ ಮುಂದೆ ಹೇಳಬೇಕಾದದ್ದನ್ನೇ ಅವರು ಹೇಳಿದ್ದರು. ನಾನು ಅದಕ್ಕೆ ತಪ್ಪು ಗುರುತು ಹಾಕಿದ್ದೆ. ಕರೆಯಲು ನಿಂತಿದ್ದ ಒಬ್ಬರನ್ನೂ ಅಂಗಳಕ್ಕೆ ಎಳೆದು ತಂದದ್ದು ನನ್ನ ಫೋನು. ಮಾವನಿಗೂ ಅದು ಗೊತ್ತು. ಇವತ್ತಿನವರೆಗೆ ಅವರು ಬಾಯಿಬಿಟ್ಟು ಹೇಳಿಲ್ಲ. ತಾನೇ ಸುರಂಗದ ಹತ್ತಿರದಿಂದ ಎದ್ದು ಬಂದೆ ಎಂದು ಎಲ್ಲರ ಹತ್ತಿರ ಹೇಳಿದ್ದಾರೆ.

ಇಲ್ಲಿಗೇ ಮುಗಿದಿದ್ದರೆ ವಿಚಿತ್ರವಾದ ಮುನ್ಸೂಚನೆ ಎಂದುಕೊಂಡು ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಎರಡು ತಿಂಗಳು ಕಳೆದವು. ಹಾಜಿಯವರ ಮಾತು ಚೆನ್ನಾಗಿ ಸುಧಾರಿಸಿತು. ಒಂದು ದಿನ ಅಭ್ಯಾಸ ಮುಗಿಸಿ ಏಳುವಾಗ ಬಾಗಿಲ ಕಡೆ ನೋಡಿ 'ಜುಬೈದಾ' ಎಂದರು. ಆ ಹುಡುಗಿ ನಿಂತಲ್ಲೇ ಅತ್ತುಬಿಟ್ಟಳು, ನಾನೂ ಅತ್ತೆ. ಆ ಖುಷಿಯಲ್ಲೇ, ಧೈರ್ಯ ಮಾಡಿ ಅವರನ್ನು ಕೇಳಿದೆ, ಹಾಜಿಯವರೇ, ಆಗೆಲ್ಲ ನೀವು ಐತಪ್ಪ ಅಂತ ಹೇಳುತ್ತಿದ್ದಿರಲ್ಲ, ಅದು ಯಾರು ಎಂದು. ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು. ಒಂದೊಂದೇ ಶಬ್ದ ಹುಡುಕಿ ಜೋಡಿಸಿದರು.

"ಅದು... ಟೀಚರ್... ನೀವು ಹೇಳಿಕೊಟ್ಟದ್ದು."

ನಾನು ನಕ್ಕೆ. ಅವರು ನಗಲಿಲ್ಲ. ಅವತ್ತು ಎಲ್ಲರೂ ಹೋದ ಮೇಲೆ, ಕೇಳದೆ ಬಿಟ್ಟಿದ್ದ ಹಳೆಯ ರೆಕಾರ್ಡಿಂಗುಗಳನ್ನು ತೆಗೆದೆ. ಹಾಜಿಯವರು ಮೊದಲ ಸಲ ಆ ಹೆಸರು ಹೇಳಿದ ದಿನದ್ದು. ಕಾರ್ಡು ಮಗುಚುವ ಸದ್ದು, ಆಮೇಲೆ ನಿಶ್ಶಬ್ದ. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಹೇಳಿಕೊಡುವ ದನಿಯಲ್ಲಿ, ಮೆತ್ತಗೆ, 'ಐ' ಎಂದು ಕೇಳಿತು. ಅದರ ಹಿಂದೆಯೇ ಹಾಜಿಯವರ 'ಐತಪ್ಪ'. ಆ 'ಐ' ನನ್ನ ದನಿ. ಇಪ್ಪತ್ತು ವರ್ಷ ಅಕ್ಷರ ಹೇಳಿಕೊಟ್ಟ ನನ್ನ ದನಿ ನನಗೆ ಗೊತ್ತಾಗದೆ ಇರುತ್ತದೆಯೇ. ಅವರ ಎಲ್ಲ ದಿನಗಳದ್ದನ್ನೂ ಕೇಳಿದೆ. ಕೊಡೆಗೆ 'ಕೊ' ಎಂದಿದ್ದೇನೆ, ದೋಣಿಗೆ 'ದೋ' ಎಂದಿದ್ದೇನೆ. ಆ ಒಂದು ಕಾರ್ಡಿಗೆ ಯಂತ್ರ ಇದ್ದ ಪ್ರತಿ ಸಲವೂ 'ಐ'. ಲಲಿತಕ್ಕನದ್ದರಲ್ಲಿಯೂ ಅದೇ. ಕೊನೆಯ ಗುರುವಾರದ್ದರಲ್ಲಿ ಕಾರ್ಡೇ ಇರಲಿಲ್ಲ. ಮೆಟ್ಟುಕತ್ತಿ ಆದ ಮೇಲೆ, ನಾನು ಮುಂದಿನದನ್ನು ಎತ್ತುವ ಮೊದಲು, ನನ್ನ ದನಿ ಅದನ್ನು ಹೇಳಿಕೊಟ್ಟಿದೆ. ಹೇಳಿದ ನೆನಪು ನನಗೆ ಇಲ್ಲ. ನನ್ನ ತಲೆಗೆ ಯಾರೂ ಸ್ಪಂಜು ಕಟ್ಟಿರಲಿಲ್ಲ.

ವೈದ್ಯರಿಗೆ ಕೇಳಿಸಿದೆ. ಅವರು ತಾಳ್ಮೆಯ ಮನುಷ್ಯ. ಫೋಟೊ ತೆಗೆಯಲು ಹೋದಾಗ ಆ ಹೆಸರು ನಿಮ್ಮ ಕಿವಿಗೆ ಬಿದ್ದಿರಬೇಕು, ನಿಮಗೇ ತಿಳಿಯದಂತೆ ನೆನಪಿನಲ್ಲಿ ಕೂತು ಅಭ್ಯಾಸಬಲದಿಂದ ಬಾಯಿಗೆ ಬಂದಿದೆ, ರೋಗಿಗಳು ಅದನ್ನು ಹಿಡಿದುಕೊಂಡಿದ್ದಾರೆ ಎಂದರು. ಇದು ಒಪ್ಪುವ ಮಾತು. ನಾನೇ ಬೇರೆಯವರಿಗೆ ಹೀಗೇ ಹೇಳುತ್ತಿದ್ದೆ. ಆದರೆ ಮಾವನನ್ನು ಕೇಳಿ ನೋಡಿದ್ದೇನೆ. ನಾನು ಫೋಟೊ ತೆಗೆದ ಕಾಲಕ್ಕೆ ಸುರಂಗದ ಕೆಲಸಕ್ಕೆ ಬರುತ್ತಿದ್ದವನು ಬೇರೆ. ಐತಪ್ಪ ಎಂಬವನು ಭೂಮಿಯ ಮೇಲೆ ಇದ್ದಾನೆಂದು ಮಾವನಿಗೆ ಗೊತ್ತಾದದ್ದೇ ಆ ಗುರುವಾರಕ್ಕೆ ಎರಡು ದಿನ ಮೊದಲು, ಕೆಲಸಕ್ಕೆ ಜನ ಗೊತ್ತುಮಾಡಿದಾಗ. ಹಾಜಿಯವರಿಗೆ ನಾನು ಹೇಳಿಕೊಟ್ಟದ್ದು ಅದಕ್ಕಿಂತ ವಾರಗಳ ಹಿಂದೆ. ಇಷ್ಟನ್ನು ಹೇಳಿದಾಗ ವೈದ್ಯರು ಕನ್ನಡಕ ತೆಗೆದು ಒರೆಸಿ, ಸ್ವಲ್ಪ ರಜೆ ತೆಗೆದುಕೊಳ್ಳಿ ಎಂದರು.

ರಜೆ ತೆಗೆದುಕೊಂಡೆ, ಮತ್ತೆ ಕೆಲಸಕ್ಕೆ ಬಂದೆ. ಯಂತ್ರ ಈಗಲೂ ಉಂಟು, ಅದರಿಂದ ಕೆಲವರಿಗಾದರೂ ಒಳ್ಳೆಯದಾಗುತ್ತಿದೆ ಎಂದೇ ನನಗೆ ಕಾಣುತ್ತದೆ. ಸುರಂಗದ ಕಾರ್ಡು ಖಾನೆಯಲ್ಲೇ ಇದೆ, ಹರಿದು ಹಾಕಲು ಕೈ ಬರುವುದಿಲ್ಲ. ಬದಲಾದದ್ದು ಒಂದೇ. ದಿನದ ರೆಕಾರ್ಡಿಂಗನ್ನು ಪೂರ್ತಿ ಕೇಳದೆ ನಾನು ಸಂಜೆ ಮನೆಗೆ ಹೋಗುವುದಿಲ್ಲ. ರೋಗಿಗಳ ಉತ್ತರಕ್ಕೆ ಆಗಲೇ ಗುರುತು ಹಾಕಿರುತ್ತೇನೆ, ಅದಕ್ಕಾಗಿ ಕೇಳುವುದಲ್ಲ. ನಾನು ಏನು ಹೇಳಿಕೊಟ್ಟಿದ್ದೇನೆ ಎಂದು ಕೇಳುತ್ತೇನೆ. ಇನ್ನೊಮ್ಮೆ ಹೆಸರು ಬಂದರೆ, ಯಾರು ನಕ್ಕರೂ ಸರಿ, ಆ ಹೆಸರಿನವರನ್ನು ಹುಡುಕಿ ಹೊರಗೆ ಕರೆಯುತ್ತೇನೆ ಎಂದು ನಿಶ್ಚಯಿಸಿಕೊಂಡಿದ್ದೇನೆ. ಮೂರು ವರ್ಷಗಳಲ್ಲಿ ಬಂದಿಲ್ಲ. ಇವತ್ತಿನದನ್ನು ಇನ್ನೂ ಕೇಳಿಲ್ಲ. ಇದನ್ನು ಬರೆದಿಟ್ಟು ಕೇಳಬೇಕು.